ಕ್ಯಾಮೆರಾ ನೋಡದ ಮುಖಗಳು

ಮದುವೆ ಆಲ್ಬಮ್ಮಿನಲ್ಲಿ ಎಲ್ಲರೂ ನಗುತ್ತಿರುತ್ತಾರೆ. ಅಜ್ಜಿ ಮೊಮ್ಮಗಳ ನೆತ್ತಿಗೆ ಎಣ್ಣೆ ತಟ್ಟುವುದು, ಅಪ್ಪ ಅಮ್ಮನ ಸೆರಗಿನ ತುದಿಯಲ್ಲೇ ಅವಳ ಕನ್ನಡಕ ಒರೆಸಿಕೊಡುವುದು ಮಾತ್ರ ಎಲ್ಲೂ ಸಿಗುವುದಿಲ್ಲ.

ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರ ಕಪ್ಪು-ಬಿಳುಪು ಚಿತ್ರಗಳನ್ನು ನೋಡಿದಾಗಲೆಲ್ಲ ಈ ಕೊರತೆ ನನ್ನನ್ನು ಕಾಡುತ್ತದೆ. ನೆಹರೂ ಅವರಂಥವರನ್ನು ಸೆರೆಹಿಡಿದ ಅದೇ ಕ್ಯಾಮೆರಾಗಣ್ಣು ಸಾಮಾನ್ಯರ ದಿನನಿತ್ಯದ ಬದುಕಿನ ಮುಂದೆಯೂ ಅಷ್ಟೇ ಗೌರವದಿಂದ ನಿಂತಿತು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಅಂಗವಾಗಿ, ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅಷ್ಟು ದೂರ ಹೋದದ್ದು ನಮ್ಮ ಬೀದಿಯ ಮಕ್ಕಳ ಮುಖ! ನೆನೆದರೆ ಈಗಲೂ ಹೆಮ್ಮೆ.

ಆಗ 35 ಎಂಎಂ ರೋಲಿಗೆ ಸಾಮಾನ್ಯವಾಗಿ ಹೆಚ್ಚೆಂದರೆ 36 ಚಿತ್ರ, ಅಷ್ಟೇ. ಸರಿಯಾದ ಕ್ಷಣಕ್ಕೆ ಕಾಯಲೇಬೇಕಿತ್ತು. ಈಗ ಫೋನಿನಲ್ಲಿ ಸಾವಿರಾರು ತೆಗೆಯುತ್ತೇವೆ, ಆದರೆ ಮೊದಲು “ಇಲ್ಲಿ ನೋಡಿ” ಅನ್ನುತ್ತೇವೆ. ಆ ಒಂದು ಮಾತಿಗೆ ಹಿಡಿದ ಕೈ ಸಡಿಲವಾಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಅಕ್ಕ-ತಂಗಿಯರ ಅರ್ಧ ಮಾತು ನಿಂತೇಹೋಗುತ್ತದೆ.

ಅಡುಗೆಮನೆಯ ಕಿಟಕಿ ಬೆಳಕು ಸಾಕು, ಫ್ಲ್ಯಾಶ್ ಬೇಡ. ಏನೂ ಹೇಳದೆ, ಮನೆಯವರು ತಮ್ಮ ಪಾಡಿಗಿರುವಾಗ ಸುಮ್ಮನೆ ಒಂದು ಚಿತ್ರ ತೆಗೆಯಿರಿ. ಆಮೇಲೆ ಅವರಿಗೇ ತೋರಿಸಿ. ಬೇಡವೆಂದರೆ ಅಳಿಸಿ, ಒಪ್ಪಿದರೆ ಪ್ರಿಂಟ್ ಹಾಕಿಸಿಕೊಡಿ.