ಹೊಲದಂಚಿನ ಗಂಧದ ಸಸಿ

ಕಳೆದ ಕಾರ್ತಿಕ ಮಾಸದಲ್ಲಿ ತುಮಕೂರಿನಿಂದ ಶಿರಾಕ್ಕೆ ಹೋಗುವ ಪ್ರಸಂಗವೊದಗಿತು. ಕಳ್ಳಂಬೆಳ್ಳದ ಕೆರೆಯನ್ನು ದಾಟಿ, ಹೆದ್ದಾರಿಯನ್ನು ಬಿಟ್ಟು ಒಳಗೆ ನಡೆದರೆ ನನ್ನ ಹಳೆಯ ಶಿಷ್ಯನೊಬ್ಬನ ಊರು. ಆ ಸೀಮೆಯು ಮಳೆಯನ್ನೇ ನಂಬಿದ ನೆಲ. ರಾಗಿ, ಕಡಲೆಕಾಯಿ, ತೊಗರಿ ಅಲ್ಲಿನ ಬೆಳೆಗಳು.

ಶಿಷ್ಯನಿಗೆ ಮೂರು ಎಕರೆ ಸ್ವಂತ ಭೂಮಿಯುಂಟು. ತೆನೆ ಬಾಗಿದ ರಾಗಿಯ ನಡುವೆ ಸಾಲಾಗಿ ಎಳೆಯ ಹೆಬ್ಬೇವು. ಬದುವಿನ ಮೇಲೆ ಹೊಂಗೆ, ಹುಣಿಸೆ. ಒಂದು ಅಂಚಿನಲ್ಲಿ ತೊಗರಿಯ ಮಗ್ಗುಲಿಗೆ ನಾಲ್ಕಾರು ಶ್ರೀಗಂಧದ ಸಸಿಗಳು. ಗಂಧದ ಬೇರು ನೆರೆಯ ಗಿಡದ ಬೇರಿನಿಂದ ಸಾರವನ್ನು ಹೀರತಕ್ಕದ್ದು. ಅದಕ್ಕಾಗಿಯೇ ತೊಗರಿಯ ಸಾಹಚರ್ಯ.

ಆದರೆ ಬದುವಿನಾಚೆಯ ಎರಡೆಕರೆಯಲ್ಲಿ ರಾಗಿಯ ಹೊರತು ಒಂದು ಗಿಡವೂ ಇರಲಿಲ್ಲ. ಅದನ್ನು ಉಳುವವನೂ ಇವನೇ.

“ಮಣ್ಣೂ ಮಳೆಯೂ ಒಂದೇ ಆಗಿರುವಾಗ ಈ ಭೇದವೇಕಪ್ಪಾ?” ಎಂದು ಕೇಳಿದೆನು.

“ಅದು ವಾರದ ಹೊಲ, ಮೇಷ್ಟ್ರೇ. ಬರುವ ವರ್ಷ ನನ್ನ ಕೈಯಲ್ಲಿರುತ್ತದೋ ಇಲ್ಲವೋ! ರಾಗಿ ನಾಲ್ಕು ತಿಂಗಳಿಗೆ ಮನೆಗೆ ಬರುತ್ತದೆ. ಹೆಬ್ಬೇವಿಗೆ ಆರೇಳು ವರ್ಷ ಬೇಕು. ಒಂದು ಮರ ಹತ್ತು ಮಕ್ಕಳಿಗೆ ಸಮವೆಂದು ತಾವು ಪಾಠ ಹೇಳಿದ್ದು ನೆನಪಿದೆ. ಆದರೆ ಆ ಮಗು ನಮ್ಮದಾಗಿರಬೇಕಷ್ಟೆ.”

ನಾನು ನಿರುತ್ತರನಾದೆನು. ಆ ಪುರಾಣವಚನವನ್ನು ಮೂವತ್ತು ವರ್ಷ ಬೋಧಿಸಿದ ನನಗೆ ಈ ಅರ್ಥವು ಹೊಳೆದಿರಲಿಲ್ಲ.

ಸ್ವಂತ ಹೊಲದಲ್ಲಿಯೂ ಆತನು ಒಮ್ಮೆಗೇ ಸಾಹಸ ಮಾಡಿದವನಲ್ಲ. “ಮರಕ್ಕೆ ಜಾಗ ಬಿಟ್ಟರೆ ಹಿಟ್ಟಿಗೇನು ಗತಿ?” ಎಂದು ಹೆಂಡತಿಯು ಕೇಳಿದಳಂತೆ. ಆದ್ದರಿಂದ ಮೊದಲು ಅರ್ಧ ಎಕರೆ ಮಾತ್ರ. ನೆರೆಯವನ ಹೆಬ್ಬೇವನ್ನು ಪ್ಲೈವುಡ್ ಕಾರ್ಖಾನೆಯವರು ಕೊಂಡುದನ್ನು ಕಣ್ಣಾರೆ ಕಂಡ ಮೇಲೆ ಉಳಿದುದು. ಅರಣ್ಯ ಇಲಾಖೆಯಿಂದ ಸಸಿ ದೊರೆಯಿತು. 2011ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಂತೆ, ಬದುಕುಳಿದ ಗಿಡಗಳಿಗೆ ಮೂರು ವರ್ಷ ಸರ್ಕಾರವು ಹಣ ಕೊಡುತ್ತದೆ. ನೆಟ್ಟುದಕ್ಕಲ್ಲ, ಉಳಿಸಿದುದಕ್ಕೆ ಫಲ! ಹೀಗಾಗಿ ಎರಡು ಬೇಸಗೆ ದಂಪತಿಗಳು ಕೊಡದಲ್ಲಿ ನೀರು ಹೊತ್ತರು, ಆಡುಗಳನ್ನು ಕಾದರು.

ಗಂಧದ ಸಸಿಗಳನ್ನು ನೋಡುತ್ತ ನನಗೆ ಬಾಲ್ಯದ ನೆನಪಾಯಿತು. ಸುಮಾರು 1975ರಲ್ಲಿ, ಹಕ್ಕಿಯುದುರಿಸಿದ ಬೀಜದಿಂದ ನಮ್ಮ ಹೊಲದಂಚಿನಲ್ಲಿ ಮೊಳೆತ ಗಂಧದ ಸಸಿಯನ್ನು ತಂದೆಯವರು ಕಿತ್ತೆಸೆದರು. ನಿತ್ಯವೂ ಪೂಜೆಗೆ ಗಂಧ ತೇಯುವ ಕೈ ಇಂತಹ ಕೆಲಸ ಮಾಡಿತಲ್ಲಾ ಎಂದು ನಾನು ಅತ್ತೆನು. ಕಾರಣವು ಬಹುಕಾಲದ ಮೇಲೆ ತಿಳಿಯಿತು. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದಂದಿನಿಂದ, ಯಾರ ನೆಲದಲ್ಲಿ ಬೆಳೆದರೂ ಆ ಮರವು ಪ್ರಭುತ್ವದ ಸ್ವತ್ತು. ಕಾಯುವ ಹೊಣೆ ಮಾತ್ರ ನೆಲದವನದು. 2001ರಲ್ಲಿ ಕರ್ನಾಟಕವು ಅರಣ್ಯ ಕಾಯಿದೆಯನ್ನು ತಿದ್ದಿ, ನೆಲದ ಒಡೆಯನೇ ಗಂಧದ ಒಡೆಯನೆಂದು ವಿಧಿಸಿತು. ಕಳ್ಳರ ಭಯವು ಇಂದಿಗೂ ತಪ್ಪಿಲ್ಲ; ಆದರೂ ಅಂದು ಕೀಳುತ್ತಿದ್ದ ಸಸಿಯನ್ನು ಇಂದು ನೆಡುತ್ತಾರೆ.

ಪಿತ್ರಾರ್ಜಿತವಾದ ನಮ್ಮ ಹೊಲವನ್ನು ವಾರಕ್ಕೆ ಮಾಡುವವನನ್ನು, “ಒಂದು ಗಿಡವನ್ನಾದರೂ ನೆಡಬಾರದೆ, ಸೋಮಾರಿ!” ಎಂದು ನಾನು ಗದರಿದ್ದುಂಟು. ಆ ಮಾತನ್ನು ನೆನೆದು ತಲೆ ತಗ್ಗಿತು.

ಹೊರಡುವಾಗ ಶಿಷ್ಯನು ಒಂದು ಗಂಧದ ಸಸಿಯನ್ನು ಕೈಗಿತ್ತನು. ಈ ಮುಂಗಾರಿನಲ್ಲಿ, ತಂದೆಯವರು ಕಿತ್ತ ಎಡೆಯಲ್ಲಿಯೇ ಅದನ್ನು ನೆಟ್ಟು, ಬಳಿಯಲ್ಲಿ ತೊಗರಿಯನ್ನು ಬಿತ್ತಿದೆವು. ನೆಡುವ ಮುನ್ನ, ಈ ಹೊಲದಲ್ಲಿ ಬೆಳೆಸುವ ಮರಗಳಲ್ಲಿ ಉಳುವವನಿಗೆ ಅರ್ಧ ಪಾಲೆಂದು ಕಾಗದ ಬರೆದುಕೊಟ್ಟೆನು. ಮರುದಿನವೇ ಆತನು ತಾನಾಗಿಯೇ ಸಸಿಯ ಸುತ್ತ ಮುಳ್ಳುಬೇಲಿ ಕಟ್ಟಿದ್ದನು.