ಅರಬೈಲಿನಲ್ಲಿ ನಾಲ್ಕು ದಿನ

ವಸಂತ ಋತುವನ್ನು ನಾವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಮಕ್ಕಳಿಗೆ ಬೋಧಿಸಿದೆವು. ಅದನ್ನು ಕಣ್ಣಾರೆ ನೋಡಲು ಹೊರಟದ್ದು ಮಾತ್ರ ನಿವೃತ್ತರಾದ ಮೇಲೆ. ಹೀಗೆಂದರೆ ವಾಚಕರು ನಗಬಹುದು. ವಸಂತವು ಪ್ರತಿಯೊಬ್ಬರ ಮನೆಯಂಗಳಕ್ಕೂ ತಾನಾಗಿ ಬರುವುದಷ್ಟೆ, ಅದನ್ನು ನೋಡಲು ಗಂಟು ಕಟ್ಟಿಕೊಂಡು ಹೊರಡುವುದೇನು ಎಂದು ಕೇಳಬಹುದು. ಬರುವುದು ನಿಜವೇ. ಆದರೆ ಆ ಮಾಸಗಳು ಉಪಾಧ್ಯಾಯನ ಪಾಲಿಗೆ ಪರೀಕ್ಷೆಯ ಮಾಸಗಳು. ಕೆಂಪು ಮಸಿಯ ಲೇಖನಿ ಹಿಡಿದು ಉತ್ತರಪತ್ರಿಕೆಗಳ ರಾಶಿಯ ಮುಂದೆ ತಲೆ ತಗ್ಗಿಸಿ ಕುಳಿತವನಿಗೆ ಕಿಟಕಿಯ ಹೊರಗೆ ಯಾವ ಹೂವು ಅರಳಿತು, ಯಾವ ಹಕ್ಕಿ ಕೂಗಿತು ಎಂಬುದು ಹೇಗೆ ತಿಳಿಯಬೇಕು? ನಮಗೆ ತಿಳಿದಿದ್ದ ವಸಂತವೆಲ್ಲ ಕಾಳಿದಾಸನದು.

ಹಿಂದಿನ ಮಾಘದಲ್ಲಿ ಸಿರಸಿಯ ಒಂದು ಮದುವೆಯ ಮನೆಯಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಕಾಲಿಗೆರಗಿ ಗುರುತು ಹೇಳಿದನು. ಅರಬೈಲಿನ ಕಡೆಯವನು. ತಂದೆಯ ತರುವಾಯ ಅಡಕೆಯ ತೋಟವನ್ನು ತಾನೇ ನೋಡಿಕೊಂಡಿದ್ದಾನೆ. "ಈಗ ಶಾಲೆ ಇಲ್ಲ, ಗಂಟೆ ಇಲ್ಲ. ಒಂದು ನಾಲ್ಕು ದಿನ ನಮ್ಮನೆಗೆ ಬನ್ನಿ ಮಾಸ್ತರೇ" ಎಂದು ಕರೆದನು. ನಾವು ಒಪ್ಪಿದೆವು. ಆದರೆ ಅವನ ಮುಖವನ್ನು ನೋಡುತ್ತಿದ್ದಂತೆ ಒಂದು ಹಳೆಯ ಸಂಗತಿ ಮನಸ್ಸಿನಲ್ಲಿ ಮುಳ್ಳಿನಂತೆ ಎದ್ದಿತು. ಅದನ್ನು ಮುಂದೆ ಹೇಳುವೆವು.

ಯುಗಾದಿ ಕಳೆದ ನಾಲ್ಕನೆಯ ದಿನ ಯಲ್ಲಾಪುರಕ್ಕೆ ಬಂದು ಅಂಕೋಲೆಯ ಬಸ್ಸು ಹತ್ತಿದೆವು. ಇಡಗುಂದಿಯನ್ನು ದಾಟಿದ ಮೇಲೆ ದಾರಿಯು ಕಾಡನ್ನು ಹೊಕ್ಕು ಇಳಿಯತೊಡಗುವುದು. ಅರಬೈಲ್ ಚಿಕ್ಕ ಊರು. ಊರಿಗಿಂತ ಅದರ ಘಟ್ಟವೇ ಹೆಚ್ಚು ಪ್ರಸಿದ್ಧ. ಉತ್ತರ ಕನ್ನಡ ಜಿಲ್ಲೆಯು ೧೮೬೨ರಲ್ಲಿ ಮದರಾಸು ಆಧಿಪತ್ಯದಿಂದ ಮುಂಬಯಿ ಆಧಿಪತ್ಯಕ್ಕೆ ಸೇರಿತಷ್ಟೆ. ಆಗ್ಗೆ ಅಮೆರಿಕೆಯಲ್ಲಿ ಅಂತರ್ಯುದ್ಧ ನಡೆದಿದ್ದುದರಿಂದ ವಿಲಾಯಿತಿಯ ಗಿರಣಿಗಳಿಗೆ ಹತ್ತಿ ಸಾಲದೆ, ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಆ ಹತ್ತಿಯ ಗಾಡಿಗಳು ಕಾರವಾರದ ಬಂದರಕ್ಕೆ ಇಳಿಯುತ್ತಿದ್ದ ಘಟ್ಟಗಳಲ್ಲಿ ಇದೂ ಒಂದು. ಎತ್ತಿನ ಕೊರಳ ಗಂಟೆ ಕೇಳಿಸುತ್ತಿದ್ದ ತಿರುವುಗಳಲ್ಲಿ ಈಗ ಹಗಲಿರುಳು ಲಾರಿಗಳ ಆರ್ಭಟ. ೨೦೨೧ರ ಜುಲೈ ತಿಂಗಳ ಮಳೆಗೆ ಈ ಘಟ್ಟದಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತಿತ್ತು. ಇಂಥ ಹೆದ್ದಾರಿಯ ಮಗ್ಗುಲಲ್ಲಿ ಯಾವ ಹಕ್ಕಿ, ಯಾವ ಹೂವು ಎಂದು ನಾವು ಸಂದೇಹಪಟ್ಟೆವು. ಶಿಷ್ಯನು ರಸ್ತೆಯಿಂದ ಕೆಳಗಿಳಿಯುವ ಕಾಲುದಾರಿಯಲ್ಲಿ ನಮ್ಮ ಚೀಲವನ್ನು ಹೊತ್ತು ಮುಂದೆ ನಡೆದನು. ಒಂದು ಹಳ್ಳವನ್ನು ದಾಟಿ ಎರಡು ತಿರುವು ಇಳಿದೊಡನೆ ಲಾರಿಯ ಸದ್ದು ಅಡಗಿಹೋಯಿತು.

ಇನ್ನು ಆ ಹಳೆಯ ಸಂಗತಿ. ಈಗ್ಗೆ ಮೂವತ್ತು ವರ್ಷಗಳ ಹಿಂದೆ, ಘಟ್ಟದ ಮೇಲಿನ ಒಂದು ಪ್ರೌಢಶಾಲೆಯಲ್ಲಿ, "ವಸಂತ ಋತುವಿನ ವರ್ಣನೆ" ಎಂಬ ಪ್ರಬಂಧವನ್ನು ಒಂಬತ್ತನೆಯ ತರಗತಿಗೆ ಕೊಟ್ಟಿದ್ದೆವು. ಕೊಡುವ ಮುನ್ನ ಮಾಮರ, ಚಿಗುರು, ಕೋಗಿಲೆ, ದುಂಬಿ, ಮಂದಮಾರುತ ಇವಿಷ್ಟನ್ನೂ ಹಲಗೆಯ ಮೇಲೆ ಬರೆದೂ ಇದ್ದೆವು. ನಾಲ್ವತ್ತು ಹುಡುಗರು ಅವನ್ನೇ ಜೋಡಿಸಿ ಬರೆದರು. ಇವನೊಬ್ಬನು ಹಾಗೆ ಬರೆಯಲಿಲ್ಲ. ತಮ್ಮೂರಿನ ಹಳ್ಳದಲ್ಲಿ ವಸಂತದಲ್ಲಿ ನೀರು ಬತ್ತುವುದೆಂದೂ, ತಾಯಿಯು ಬೆಟ್ಟದಲ್ಲಿ ದರಕು ಗುಡಿಸುವಳೆಂದೂ, ದರಕಿನಡಿಯಲ್ಲಿ ಸರಸರ ಸದ್ದಾದರೆ ಹಾವೆಂದು ಹೆದರುವರು, ನೋಡಿದರೆ ಅದು ಹುಳ ಕೆದಕುವ ಹಕ್ಕಿಯೆಂದೂ ಬರೆದಿದ್ದನು. ಬೆಳಗು ಹರಿಯುವ ಮೊದಲೇ ಹಳ್ಳದಲ್ಲಿ ಒಂದು ಹಕ್ಕಿ ಸಿಳ್ಳು ಹಾಕುವುದೆಂದೂ, ಮಗನೇ ಹಾಕಿದನೆಂದು ತಂದೆ ಗದರುವರೆಂದೂ ಬರೆದಿದ್ದನು. ಕೋಗಿಲೆಯ ಮಾತನ್ನೂ ಬಿಟ್ಟಿರಲಿಲ್ಲ. ಕೋಗಿಲೆ ಬಂದರೆ ಕಾಗೆಗಳು ಅಟ್ಟಿಸಿಕೊಂಡು ಹೋಗುವುವು ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ್ದನು. ನಾವು ಅಡ್ಡಗೆರೆ ಎಳೆದು "ವಿಷಯಾಂತರ" ಎಂದು ಕೆಂಪು ಮಸಿಯಲ್ಲಿ ಬರೆದು ಹತ್ತಕ್ಕೆ ಎರಡು ಅಂಕ ಕೊಟ್ಟೆವು. ಅಷ್ಟಕ್ಕೇ ಬಿಟ್ಟಿದ್ದರೆ ಚಿಂತೆಯಿರಲಿಲ್ಲ. ತರಗತಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದೆವು. ಹುಡುಗರು ನಕ್ಕರು, ನಾವೂ ನಕ್ಕೆವು.

ಮೊದಲನೆಯ ರಾತ್ರಿ ಜಗಲಿಯಲ್ಲಿ ಮಲಗಿದ್ದೆವು. ಇನ್ನೂ ಕತ್ತಲೆ ಇರುವಾಗಲೇ ಎಚ್ಚರವಾಯಿತು. ತೋಟದ ಕಡೆಯಿಂದ ಯಾರೋ ಸಿಳ್ಳು ಹಾಕುತ್ತಿದ್ದರು. ಒಂದು ರಾಗವೆಂದು ಹೇಳಲಾಗದು. ಏನನ್ನೋ ಹಾಡಲು ಹೊರಟು, ಮರೆತು, ಮತ್ತೊಂದನ್ನು ಹಿಡಿದು, ಅದನ್ನೂ ಅರ್ಧಕ್ಕೆ ಬಿಟ್ಟ ಪೋರನ ಸಿಳ್ಳು. ಇಷ್ಟು ಹೊತ್ತಿಗೇ ಮನೆಯ ಹುಡುಗರಿಗೆ ಇದೇನು ಚಾಳಿ ಎಂದು ನಮಗೆ ಸಿಟ್ಟು ಬಂದಿತು. ಅಭ್ಯಾಸಬಲದಿಂದ "ಯಾರದು ಸಿಳ್ಳು ಹಾಕುವುದು?" ಎಂದು ತರಗತಿಯಲ್ಲಿ ಕೇಳುವ ಧ್ವನಿಯಲ್ಲೇ ಕೇಳಿಬಿಟ್ಟೆವು. ಒಳಗಿನಿಂದ ಶಿಷ್ಯನ ನಗೆ ಕೇಳಿಸಿತು. "ಅದು ಹಕ್ಕಿ ಮಾಸ್ತರೇ" ಎಂದನು. ಕತ್ತಲೆಯಲ್ಲಿ ನಮ್ಮ ಮುಖವನ್ನು ಅವನು ನೋಡಲಿಲ್ಲವೆಂಬುದೇ ಸಮಾಧಾನ.

ಬೆಳಗಾದ ಮೇಲೆ ಅದನ್ನು ತೋರಿಸಿದನು. ಹಳ್ಳದ ಬಂಡೆಯ ಮೇಲೆ ಕುಳಿತಿತ್ತು. ದೂರಕ್ಕೆ ಕಪ್ಪಾಗಿಯೇ ಕಂಡಿತು. ಬಿಸಿಲು ಬಿದ್ದಾಗ ಹಣೆಯಲ್ಲಿಯೂ ಭುಜದಲ್ಲಿಯೂ ನೀಲಮಣಿಯ ಕಾಂತಿ. ಘಟ್ಟದ ತೊರೆಗಳೇ ಇದರ ಮನೆ. ಬೇಸಗೆ ಬಲಿಯುವಾಗ ಹಾಡಲು ಹಿಡಿದರೆ ಮಳೆಗಾಲದಲ್ಲೂ ಹಾಡುವುದು. ಆಂಗ್ಲರು ಇದಕ್ಕೆ "ಸಿಳ್ಳು ಹಾಕುವ ಶಾಲಾಬಾಲಕ" ಎಂದೇ ಹೆಸರಿಟ್ಟಿದ್ದರಂತೆ. ಈ ಹೆಸರನ್ನು ನಾವು ಮೂವತ್ತು ವರ್ಷಗಳ ಹಿಂದೆ ಕೇಳಿದ್ದರೆ ಹತ್ತಕ್ಕೆ ಎಷ್ಟು ಕೊಡುತ್ತಿದ್ದೆವೋ!

ಅಂದಿನಿಂದ ಒಂದು ಪುಸ್ತಕವನ್ನು ಜೇಬಿನಲ್ಲಿಟ್ಟುಕೊಂಡು ನಡೆದೆವು. ಮೊದಲ ದಿನ ಬರೆದುದನ್ನು ಸಾಯಂಕಾಲ ಓದಿ ನೋಡಿದರೆ, ಅರಬೈಲಿನ ಒಂದು ಎಲೆಯೂ ಅದರಲ್ಲಿರಲಿಲ್ಲ. "ಪಲ್ಲವಿತ ವನರಾಜಿ" ಇತ್ತು, "ಮಧುಪ ಝೇಂಕಾರ" ಇತ್ತು. ಮನೆಯಲ್ಲಿ ಕುಳಿತೇ ಬರೆಯಬಹುದಾಗಿತ್ತು. ಬಸ್ಸಿನ ಖರ್ಚಾದರೂ ಉಳಿಯುತ್ತಿತ್ತು. ಆ ಹಾಳೆಯನ್ನು ಹರಿದೆವು.

ಎರಡನೆಯ ದಿನ ಕುಟ್ರು ಹಕ್ಕಿಯನ್ನು ಕುರಿತು ಬರೆಯಲೇಬೇಕಾಯಿತು. ಏಕೆಂದರೆ ಅದು ಬೇರೊಂದನ್ನು ಬರೆಯಗೊಡಲಿಲ್ಲ. ಹಸುರು ಮೈಯ ಈ ಹಕ್ಕಿ ಎಲೆಗಳೊಳಗೆ ಕಾಣದಂತೆ ಕುಳಿತು, ಬೆಳಗಿನಿಂದ ಬೈಗಿನವರೆಗೆ "ಕುಟ್ರು, ಕುಟ್ರು" ಎಂದು ಕೂಗುತ್ತಲೇ ಇರುವುದು. ಒಂದು ಕೂಗಿದರೆ ಮತ್ತೊಂದು, ಅದಕ್ಕೆ ಮೂರನೆಯದು. ಘಟ್ಟದ ವಸಂತದ ಶ್ರುತಿಯೇ ಅದು. ಆದರೂ ನಾವು ಓದಿದ ಕಾವ್ಯಗಳಲ್ಲಿ ಅದಕ್ಕೆ ಒಂದು ಪಾದವನ್ನು ಮೀಸಲಿಟ್ಟವರನ್ನು ಕಾಣೆವು.

ಕೋಗಿಲೆಯೂ ಇತ್ತು. ಮನೆಯ ಹಿಂದಿನ ಹಲಸಿನ ಮರದಿಂದ ಕರ್ರಗಿನ ಗಂಡು ಕೋಗಿಲೆ ಹಾರಿತು. ಎರಡು ಕಾಗೆಗಳು ಕಿರುಚುತ್ತ ಬೆನ್ನಟ್ಟಿದವು. ಶಿಷ್ಯನು ತುಟಿ ಬಿಚ್ಚಲಿಲ್ಲ; ನಾವೂ ಬಿಚ್ಚಲಿಲ್ಲ. ಗಂಡು ಹೀಗೆ ಕಾಗೆಗಳನ್ನು ಸೆಳೆದೊಯ್ಯುವಾಗಲೇ, ಚುಕ್ಕೆ ಚುಕ್ಕೆಯ ಕಂದು ಮೈಯ ಹೆಣ್ಣು ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುವುದುಂಟೆಂದು ಪಕ್ಷಿಗಳನ್ನು ಬಲ್ಲವರು ಹೇಳುವರು. ಹಾಡುವುದು ಗಂಡೇ. ಸಂಸ್ಕೃತದ ಕವಿಗಳು "ಪುಂಸ್ಕೋಕಿಲ" ಎಂದು ಬಿಡಿಸಿ ಹೇಳಿದ್ದಾರೆ. "ಪರಭೃತ" ಎಂದರೆ ಪರರಿಂದ ಸಾಕಲ್ಪಟ್ಟದ್ದು. ಈ ಎರಡು ಶಬ್ದಗಳನ್ನೂ ಮಕ್ಕಳಿಂದ ಕಂಠಪಾಠ ಮಾಡಿಸಿದ ನಾವು, ಅವುಗಳ ಹಿಂದೆ ಯಾರೋ ಒಬ್ಬನು ಮರದಡಿಯಲ್ಲಿ ನಿಂತು ಕಾಗೆ ಕೋಗಿಲೆಗಳ ಜಗಳವನ್ನು ನೋಡಿದ್ದನೆಂದು ಒಮ್ಮೆಯೂ ಯೋಚಿಸಲಿಲ್ಲ.

ಇಲ್ಲಿ ರಾಜಶೇಖರನ ಮಾತು ನೆನಪಾಗುವುದು. ಕ್ರಿ. ಶ. ೯೦೦ರ ಆಸುಪಾಸಿನಲ್ಲಿದ್ದ ಈತನ "ಕಾವ್ಯಮೀಮಾಂಸೆ"ಯು ೧೯೧೬ರಲ್ಲಿ ಬರೋಡೆಯ ಗಾಯಕವಾಡ ಗ್ರಂಥಮಾಲೆಯ ಮೊದಲನೆಯ ಪುಸ್ತಕವಾಗಿ ಅಚ್ಚಾಯಿತು. ಅದರಲ್ಲಿ ಕವಿಸಮಯದ ವಿಚಾರವಿದೆ. ಕೋಗಿಲೆಯು ಗ್ರೀಷ್ಮಾದಿಗಳಲ್ಲಿ ಕೂಗಿದರೂ ಕವಿಯು ವಸಂತದಲ್ಲಿಯೇ ಕೂಗಿಸಬೇಕು. ಮಾಲತಿಯನ್ನು ವಸಂತದಲ್ಲಿ ವರ್ಣಿಸಬಾರದು. ಚಂದನವೃಕ್ಷಕ್ಕೆ ಹೂವು ಹಣ್ಣುಗಳನ್ನೂ, ಅಶೋಕಕ್ಕೆ ಫಲವನ್ನೂ ಹೇಳಬಾರದು, ಅವು ಇದ್ದರೂ ಸಹ. ಇದನ್ನು ನಾವು ನಿಷೇಧಗಳ ಪಟ್ಟಿಯೆಂದು ಓದಿದ್ದೆವು. ಅರಬೈಲಿನ ಜಗಲಿಯಲ್ಲಿ ಕುಳಿತಾಗ ಬೇರೆಯಾಗಿ ಕಂಡಿತು. ಇದ್ದರೂ ಹೇಳಬಾರದು ಎನ್ನಬೇಕಾದರೆ ಇರುವುದನ್ನು ಮೊದಲು ನೋಡಿರಬೇಕಲ್ಲವೆ? ಶಾಸ್ತ್ರ ಮಾಡಿದವರು ನೋಡಿ ಬಿಟ್ಟರು. ನಾವು ನೋಡದೆಯೇ ಬಿಟ್ಟೆವು.

ಅಶೋಕದ ಮಾತು ಬಂದುದರಿಂದ ನಮ್ಮ ಇನ್ನೊಂದು ಅಜ್ಞಾನವನ್ನೂ ಒಪ್ಪಿಕೊಳ್ಳುವೆವು. "ಮಾಲವಿಕಾಗ್ನಿಮಿತ್ರ" ನಾಟಕದಲ್ಲಿ ಮಾಲವಿಕೆಯು ಕಾಲಿನಿಂದ ಸೋಕಿ ಅಶೋಕವನ್ನು ಅರಳಿಸುವ ಸಂದರ್ಭವನ್ನು ಹೇಳುವಾಗ, ಶಾಲೆಯ ಗೇಟಿನ ಬಳಿ ಕಂಬದಂತೆ ನೆಟ್ಟಗೆ ಬೆಳೆದಿದ್ದ ಮರಗಳನ್ನು ಬೆರಳಿಟ್ಟು ತೋರಿಸುತ್ತಿದ್ದೆವು. ಆ ಮರದ ಹೂವು ಎಲೆಯಂತೆಯೇ ಹಸುರು. ಇದಕ್ಕಾಗಿ ರಾಜನು ಇಷ್ಟು ಪರದಾಡಿದನೆ ಎಂದು ನಮಗೇ ಅನಿಸುತ್ತಿದ್ದುದುಂಟು. ಮೂರನೆಯ ದಿನ ಶಿಷ್ಯನು ಹಳ್ಳದಗುಂಟ ಮೇಲಕ್ಕೆ ಕರೆದೊಯ್ದು, ಎಲೆ ದಟ್ಟವಾದ ಒಂದು ಮರದ ಮುಂದೆ ನಿಲ್ಲಿಸಿ, "ಇದು ಅಶೋಕ" ಎಂದನು. ಚಿಗುರೆಲೆಗಳು ಬಾಡಿದಂತೆ ಕೆಳಗೆ ಜೋಲುತ್ತಿದ್ದವು. ಹಳೆಯ ಕೊಂಬೆಗಳ ಮೈಯಿಂದಲೇ ಹೂಗೊಂಚಲುಗಳು ಹೊರಟಿದ್ದವು. ಕೆಲವು ಕಿತ್ತಳೆಯ ಬಣ್ಣ, ಕೆಲವು ಕೆಂಡದ ಬಣ್ಣ. ಹಳದಿಯಾಗಿ ಅರಳಿ ಬರಬರುತ್ತ ಕೆಂಪಾಗುವುದಂತೆ. ನೆರಳಿನಲ್ಲಿ ದೀಪ ಹಚ್ಚಿಟ್ಟಂತಿತ್ತು. ಅದೇ ಕೊಂಬೆಯಲ್ಲಿ ಚಪ್ಪಟೆಯಾದ ನಾಲ್ಕು ಎಳೆಯ ಕಾಯಿಗಳೂ ಇದ್ದವು. ರಾಜಶೇಖರನು ಕ್ಷಮಿಸಲಿ, ಕಾಯಿಗಳನ್ನೂ ಬರೆದುಕೊಂಡೆವು. ಮಾಲವಿಕೆಗೆ ಈ ಮೂವತ್ತು ವರ್ಷ ನಾವು ಮಾಡಿದ ಅನ್ಯಾಯವನ್ನು ನೆನೆದು ಸುಮ್ಮನೆ ನಿಂತೆವು.

ಮನೆಯೊಳಗೂ ವಸಂತವಿತ್ತು. ಕಾಮನ ಐದು ಬಾಣಗಳಲ್ಲಿ ಮಾವಿನ ಹೂವೂ ಒಂದೆಂಬುದು ನಮಗೆ ಗೊತ್ತು. ಮನೆಯೊಡತಿಗೆ ಗೊತ್ತಿರುವುದು ಬೇರೆ. ಹೂವು ಬಿಟ್ಟಾಗ ಮೋಡ ಮುಸುಕಿದರೆ ಹೂ ಕರಟುವುದು, ಆ ವರ್ಷ ಅಪ್ಪೆಮಿಡಿ ಇಲ್ಲ. ಈ ಸಲ ಮಿಡಿ ಸಿಕ್ಕಿತ್ತು. ತೊಟ್ಟು ಮುರಿಯದಂತೆ ಆರಿಸಿದ ಮಿಡಿಗಳು ಭರಣಿಯಲ್ಲಿ ಉಪ್ಪಿನ ನಡುವೆ ಸುರುಟಿಕೊಳ್ಳುತ್ತಿದ್ದವು. ಮುಚ್ಚಳ ತೆರೆದು, "ಮೂಸಿ ನೋಡಿ" ಎಂದರು. ಆ ಸೊನೆಯ ಪರಿಮಳವನ್ನು ಎರಡು ಪುಟ ಬರೆದು ಹೊಡೆದು ಹಾಕಿದೆವು. ಊಟಕ್ಕೆ ಕುಳಿತವರಿಗೆ ಅದನ್ನು ವರ್ಣಿಸುವ ಅಗತ್ಯವಿಲ್ಲ, ಕಾಣದವರಿಗೆ ವರ್ಣಿಸಿ ಫಲವಿಲ್ಲ. ದೇವರ ಮುಂದೆ ಸುರಗಿಯ ಒಣಗಿದ ಸರವೊಂದಿತ್ತು. ಮಲ್ಲಿಗೆ ಬಾಡಿದರೆ ಕಸ. ಸುರಗಿಯು ಒಣಗಿದ ಮೇಲೆಯೂ ಗಮಗಮಿಸುವುದು.

ಹಿಂತಿರುಗುವಾಗ ತಲೆಯ ಮೇಲೆ ಗಾಳಿಯನ್ನು ಸೀಳುವಂಥ ರೆಕ್ಕೆಯ ಸದ್ದಾಯಿತು. ದೊಡ್ಡ ಕೊಕ್ಕಿನ ಮಂಗಟ್ಟೆ. ಹೆಣ್ಣು ಮರದ ಪೊಟರೆಯನ್ನು ಹೊಕ್ಕು, ಒಂದು ಸೀಳು ಮಾತ್ರ ಬಿಟ್ಟು ಬಾಗಿಲನ್ನು ಮುಚ್ಚಿಕೊಳ್ಳುವುದು. ಗಂಡು ಆಲ, ಅತ್ತಿ, ಬಸರಿಯ ಹಣ್ಣುಗಳನ್ನು ಗಂಟಲಲ್ಲಿ ತುಂಬಿ ತಂದು ಒಂದೊಂದಾಗಿ ಆ ಸೀಳಿನಲ್ಲಿ ಕೊಡುವುದು. ಇವುಗಳಿಗೆ ದೊಡ್ಡ ಪೊಟರೆಯುಳ್ಳ ಹಳೆಯ ಮರಗಳೇ ಬೇಕು. ೨೦೧೧ರಲ್ಲಿ ಸರಕಾರವು ಬೇಡ್ತಿಯ ಕಣಿವೆಯ ಕಾಡಿನ ಒಂದು ಭಾಗವನ್ನು ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಿತು, ಒಳ್ಳೆಯದಾಯಿತು. ಸಂಸಾರಿಗಳು ನೋಡತಕ್ಕ ಹಕ್ಕಿ.

ಕೊನೆಯ ರಾತ್ರಿ ಊಟವಾದ ಮೇಲೆ ನಾವು ಗಂಟಲು ಸರಿಮಾಡಿಕೊಂಡು, "ತಮ್ಮಾ, ಒಂಬತ್ತನೆಯ ತರಗತಿಯಲ್ಲಿ ನೀನೊಂದು ಪ್ರಬಂಧ ಬರೆದಿದ್ದೆ" ಎಂದೆವು. ಮರೆತಿರುವನೆಂಬ ಆಸೆ ಸ್ವಲ್ಪ ಇತ್ತು.

"ಹತ್ತಕ್ಕೆ ಎರಡು" ಎಂದನು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನಾನು ಎಂತದೂ ಬರೆಯಲಿಲ್ಲ ಮಾಸ್ತರೇ. ಅಡಕೆ ಲೆಕ್ಕ ಒಂದೇ" ಎಂದನು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನಮಗೆ ಹಗುರಾಗುತ್ತಿತ್ತು.

"ತಪ್ಪು ನಮ್ಮದು" ಎಂದೆವು. ಇಷ್ಟನ್ನು ಹೇಳಲು ಎಷ್ಟೋ ವಾಕ್ಯಗಳನ್ನು ಸಿದ್ಧಪಡಿಸಿಕೊಂಡಿದ್ದೆವು. ಬಂದದ್ದು ಇವೆರಡೇ ಪದಗಳು. ಅವನು ಏನೂ ಹೇಳದೆ ಎದ್ದು ಒಳಗೆ ಹೋಗಿ ಲೆಕ್ಕದ ವಹಿಯನ್ನು ತಂದು ನಮ್ಮ ಮುಂದಿಟ್ಟನು. ಬಲಗಡೆ ಅಡಕೆಯ ತೂಕ, ಆಳುಗಳ ಕೂಲಿ. ಎಡಗಡೆಯ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ಬೇರೆ ಬರಹ. ಸುರಗಿ ಅರಳಿತು. ಸಿಂಗಾರ ಒಡೆಯಿತು. ಸಿಳ್ಳಿನ ಹಕ್ಕಿ ಇಂದು ಮೊದಲು ಕೇಳಿತು. ಬೆಟ್ಟಕ್ಕೆ ಬೆಂಕಿ ಬಿತ್ತು, ಕುಟ್ರು ಕೂಗಲಿಲ್ಲ. ವರ್ಷದ ಮೇಲೆ ವರ್ಷ ಹಾಗೆಯೇ. ೨೦೨೧ರ ಜುಲೈ ತಿಂಗಳಲ್ಲಿ: ಘಟ್ಟ ಕುಸಿಯಿತು, ಹಳ್ಳದ ಬಂಡೆ ಜಾಗ ಬಿಟ್ಟಿದೆ, ಹಕ್ಕಿ ಎಂಟು ದಿನ ಇಲ್ಲ. ಒಂಬತ್ತನೆಯ ದಿನಕ್ಕೆ ಬರೇ ಎರಡು ಅಕ್ಷರ: ಬಂತು.

ಒಂದು ಕಡೆ ಒತ್ತಕ್ಷರ ತಪ್ಪಿತ್ತು. ನಮ್ಮ ಕೈ ಜೇಬಿನ ಲೇಖನಿಗೆ ಹೋಯಿತು, ಹಿಂದಕ್ಕೆ ತೆಗೆದೆವು.

ಬೆಳಗ್ಗೆ ಹೊರಡುವಾಗ ವಹಿಯನ್ನು ಚಾಚಿ, "ಇವತ್ತಿಂದು ನೀವೇ ಬರೆಯಿರಿ" ಎಂದನು. ಅರ್ಧ ಗಂಟೆ ಕುಳಿತು ಬರೆದೆವು. ತಿಥಿ, ವಾರ. ಸಿಳ್ಳಿನ ಹಕ್ಕಿ ಐದಕ್ಕೆ ಮೊದಲು. ಅಶೋಕದಲ್ಲಿ ಹೂವು, ಕಾಯಿ ಎರಡೂ. ಅವನು ತಲೆಬಾಗಿ ಓದಿದನು.

"ಹಳ್ಳದಲ್ಲಿ ನೀರೆಷ್ಟು ಎಂದು ಬರೆಯಲಿಲ್ಲವಲ್ಲ ಮಾಸ್ತರೇ."

ಚೀಲವನ್ನು ಜಗಲಿಯ ಮೇಲಿಟ್ಟು, ಹಳ್ಳದವರೆಗೆ ಹೋಗಿ ನೋಡಿ ಬಂದೆವು. ಪಾದ ಮುಳುಗುವಷ್ಟಿತ್ತು. ಅದನ್ನೂ ಸೇರಿಸಿದೆವು.