ತನ್ನದೇ ಚಿತ್ರ ನೋಡೋಕೆ ಗುಟ್ಟಾಗಿ ಹೋದವಳು

ಕ್ಲೆಮೆಂಟೈನ್ ಹಂಟರ್. ಈ ಹೆಸರು ನಮ್ಮಲ್ಲಿ ಎಷ್ಟು ಜನ ಕೇಳಿದ್ದೀವಿ?

1913ರಲ್ಲಿ ಬಾಬಾಸಾಹೇಬರು ಓದೋಕೆ ಅಂತ ನ್ಯೂಯಾರ್ಕಿಗೆ ಹೋದಾಗ, ಅದೇ ಅಮೆರಿಕದ ದಕ್ಷಿಣದಲ್ಲಿ, ಲೂಸಿಯಾನಾದ ಮೆಲ್ರೋಸ್ ಅನ್ನೋ ತೋಟದಲ್ಲಿ ಈ ಕಪ್ಪು ಹೆಣ್ಣುಮಗಳು ಹತ್ತಿ ಬಿಡಿಸ್ತಿದ್ದರು. ಗುಲಾಮಗಿರಿ ಕಾನೂನಿನಲ್ಲಿ ಮುಗಿದಿತ್ತು. ಆದರೆ ಹೊಲ ಬಿಳಿಯರದ್ದೇ, ದುಡಿಮೆ ಕಪ್ಪುಜನರದ್ದೇ. ಓದು ಬರಹ ಆಕೆಗೆ ದಕ್ಕಲಿಲ್ಲ. ಮುಂದೆ ಅದೇ ತೋಟದ ದೊಡ್ಡಮನೆಯಲ್ಲಿ ಅಡುಗೆ ಮಾಡೋ, ಬಟ್ಟೆ ಒಗೆಯೋ ಕೆಲಸ.

ಕುಂಚ ಹಿಡಿದಾಗ ವಯಸ್ಸು ಐವತ್ತು ದಾಟಿತ್ತು. ದೊಡ್ಡಮನೆಗೆ ಬಂದಿದ್ದ ಕಲಾವಿದೆಯೊಬ್ಬರು ಬಿಟ್ಟುಹೋದ ಬಣ್ಣ, ಕಿಟಕಿಯ ಹಳೇ ಪರದೆ, ಇಷ್ಟೇ ಬಂಡವಾಳ. ಹಗಲು ಚಾಕರಿ, ರಾತ್ರಿ ಚಿತ್ರ. ರಟ್ಟು, ಹಲಗೆ, ಬಾಟಲಿ, ಸಿಕ್ಕಿದ್ದರ ಮೇಲೆಲ್ಲ ಸಾವಿರಾರು ಚಿತ್ರ ಬರೆದರು. ಶುರುವಿನಲ್ಲಿ 25 ಸೆಂಟಿಗೂ ಮಾರಿದ್ದುಂಟು.

ಏನು ಬರೆದರು? ಹತ್ತಿ ಬಿಡಿಸೋ ಹೆಂಗಸರು, ಬಟ್ಟೆ ಒಗೆಯೋ ದಿನ, ನದಿಯಲ್ಲಿ ದೀಕ್ಷಾಸ್ನಾನ, ಮದುವೆ, ಸಾವು, ಶನಿವಾರ ರಾತ್ರಿಯ ಕುಡಿತ, ಕುಣಿತ. ಶಿಲುಬೆಯ ಮೇಲಿನ ಯೇಸುವನ್ನೂ ಕಪ್ಪಾಗಿ ಬರೆದರು. ಮಾಲೀಕರ ಲೆಕ್ಕಕ್ಕೆ ಬರೀ ಕೂಲಿಯಾಳುಗಳಾಗಿದ್ದವರು ಇಲ್ಲಿ ನಗ್ತಾರೆ, ಅಳ್ತಾರೆ, ಬದುಕ್ತಾರೆ.

1955ರಲ್ಲಿ ಹತ್ತಿರದ ನ್ಯಾಕಟಿಶ್ ಪಟ್ಟಣದ ಕಾಲೇಜಿನಲ್ಲಿ ಆಕೆಯ ಚಿತ್ರಗಳ ಪ್ರದರ್ಶನ ಆಯ್ತು. ಚಿತ್ರಗಳು ಒಳಗೆ, ಬರೆದವಳು ಹೊರಗೆ. ಬಿಳಿಯರು ನೋಡೋ ಹೊತ್ತಲ್ಲಿ ಕಪ್ಪುಜನಕ್ಕೆ ಪ್ರವೇಶ ಇರಲಿಲ್ಲ. ಗ್ಯಾಲರಿ ಮುಚ್ಚಿದ್ದಾಗ ಯಾರೋ ಗುಟ್ಟಾಗಿ ಕರಕೊಂಡು ಹೋಗಿ ತೋರಿಸಬೇಕಾಯ್ತು. ತಮಟೆ ಹದ ಮಾಡಿದವರು ಗುಡಿಯ ಹೊರಗೇ ನಿಂತು ಬಾರಿಸಿದ ನಾಡಿನ ನಮಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಅದೇ ಸಂಸ್ಥೆ, ವಿಶ್ವವಿದ್ಯಾಲಯವಾದ ಮೇಲೆ, 1986ರಲ್ಲಿ ಆಕೆಗೆ ಗೌರವ ಡಾಕ್ಟರೇಟ್ ಕೊಡ್ತು. 1988ರ ಜನವರಿ 1ರಂದು ತೀರಿಕೊಂಡಾಗ ನೂರು ದಾಟಿತ್ತು. ಬಾಗಿಲು ತೆರೆಯೋಕೆ 31 ವರ್ಷ ಬೇಕಾಯ್ತು. ಆಕೆ ಅಷ್ಟು ಕಾಲ ಬದುಕಿದ್ದರು, ಅಷ್ಟೇ. ಎಲ್ಲರಿಗೂ ಆ ಆಯಸ್ಸು ಸಿಗಲ್ಲ.

ನನ್ನನ್ನ ಹೆಚ್ಚು ಕಾಡೋದು ಆಕೆಯ ಸಹಿ. ಅಕ್ಷರ ಬಾರದ ಕೈ ಚಿತ್ರದ ಮೂಲೆಯಲ್ಲಿ ಹೆಸರಿನ ಎರಡು ಅಕ್ಷರ ಹಾಕ್ತಿತ್ತು. ಸಿ ತಿರುಗುಮುರುಗು, ಅದರ ಜೊತೆ ಎಚ್. ಇದನ್ನ ಮಾಡಿದವಳು ನಾನು ಅನ್ನೋ ಹಕ್ಕಿನ ಮಾತು ಅದು. ನಮ್ಮವ್ವ ಹಳೇ ಸೀರೆಗಳಲ್ಲಿ ಹೊಲಿದ ಕೌದಿ ಮನೇಲಿದೆ, ಹೆಸರಿಲ್ಲ. ನಮ್ಮ ಹೆಂಗಸರ ಕಲೆಗೆಲ್ಲ 'ಜಾನಪದ' ಅಂತ ಒಂದೇ ಚೀಟಿ ಅಂಟಿಸಿ, ಮಾಡಿದವರ ಹೆಸರು ಅಳಿಸಿಬಿಡ್ತಾರೆ.

ನಿಮ್ಮನೇಲೂ ಅಂಥ ಕೌದಿ, ಗೋಡೆಚಿತ್ರ ಇದ್ದರೆ ಫೋಟೊ ತೆಗೀರಿ ಗೆಳೆಯರೇ. ಕೆಳಗೆ ಮಾಡಿದವರ ಹೆಸರು ಬರೀರಿ, ಊರು ಬರೀರಿ. ಅವರು ಬದುಕಿದ್ದಾಗಲೇ ಬರೀರಿ.

ಜೈ ಭೀಮ್.